ಗಾಳಿಯ ತೂಕವನ್ನರಿಯದ ಯಂತ್ರ

ವಿಜಯಪುರದಿಂದ ಪಶ್ಚಿಮಕ್ಕೆ ಹೊರಟು, ಕುಮಾರವಾಲ್ಮೀಕಿಯ ರಾಮಾಯಣಕ್ಕೆ ತನ್ನ ಹೆಸರನ್ನಿತ್ತ ತೊರವಿಯನ್ನು ದಾಟಿ, ಟಿಕೋಟಾದ ದ್ರಾಕ್ಷಿತೋಟಗಳತ್ತಲೋ ಬಬಲೇಶ್ವರದ ಎರೆಹೊಲಗಳತ್ತಲೋ ಕವಲೊಡೆಯುವ ಮಣ್ಣಿನ ಹಾದಿಗಳು ಟೂ-ಸ್ಟ್ರೋಕ್ ಬೈಕಿಗೆ ಕಠಿನವಾದ ಪರೀಕ್ಷಾಭೂಮಿ. ಪುಷ್ಯಮಾಸದ ಬೆಳಗಿನಲ್ಲಿ 15 ಡಿಗ್ರಿಯ ಸಮೀಪಕ್ಕಿಳಿಯುವ ಉಷ್ಣತೆ ವೈಶಾಖದ ಮಧ್ಯಾಹ್ನದಲ್ಲಿ 40ನ್ನು ಮೀರುವ, ಒಣಗಿದ ಎರೆಮಣ್ಣು ಚಕ್ರದಡಿಯಿಂದ ಹಿಟ್ಟಿನಂತೆ ಮೇಲೇಳುವ ಈ ಸೀಮೆಯಲ್ಲಿ, ಚಳಿಗಾಲದಲ್ಲಿ ಸೊಗಸಾಗಿ ಓಡಿದ ಬೈಕು ಬೇಸಿಗೆಯಲ್ಲಿ ಗೊರಗುಟ್ಟುತ್ತ ಹೊಗೆಯುಗುಳುವುದನ್ನೂ, ಬೇಸಿಗೆಗೆಂದು ಹೊಂದಿಸಿದ್ದು ಮರಳಿ ಚಳಿ ಬಂದಾಗ ಅತಿಯಾಗಿ ಕಾಯುವುದನ್ನೂ ಕಂಡವರು ಅದನ್ನು ಯಂತ್ರದ ಮುಪ್ಪೆಂದು ಭಾವಿಸುವುದುಂಟು. ಆದರೆ ಬಹುಮಟ್ಟಿಗೆ ಇದರ ಕಾರಣವಿರುವುದು ಕಾರ್ಬುರೇಟರ್ ಎಂಬ ಸಾಧನದ ಸಹಜವಾದ ಮಿತಿಯಲ್ಲಿ: ಅದು ಗಾಳಿಯ ಗಾತ್ರವನ್ನು ಬಲ್ಲುದು, ತೂಕವನ್ನರಿಯದು.

ಕನ್ನಡನಾಡಿಗೆ ಟೂ-ಸ್ಟ್ರೋಕ್ ಎಂಜಿನ್ ಚಿರಪರಿಚಿತ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ತಯಾರಿಸಿದ ಜಾವಾ ಮತ್ತು ಯೆಜ್ದಿಗಳೂ, 1985ರಲ್ಲಿ ಎಸ್ಕಾರ್ಟ್ಸ್ ಸಂಸ್ಥೆ ಹೊರತಂದ 98 ಸಿ.ಸಿ.ಯ ಯಮಾಹಾ ಆರ್‌ಎಕ್ಸ್ 100 ಕೂಡ ಇದೇ ವಂಶಕ್ಕೆ ಸೇರಿದವು. ಕ್ರಾಂಕಿನ ಪ್ರತಿಯೊಂದು ಸುತ್ತಿಗೂ ಒಮ್ಮೆ ದಹನವನ್ನು ನಡೆಸಿ, ಅಲ್ಪಭಾರದಲ್ಲಿ ಅಧಿಕ ಶಕ್ತಿಯನ್ನೀಯುವ ಗುಣವೇ ಈ ಎಂಜಿನ್ನನ್ನು ಮೋಟೋಕ್ರಾಸ್ ಕ್ರೀಡೆಗೆ ಪ್ರಿಯವಾಗಿಸಿತು.

ಕಾರ್ಬುರೇಟರಿನ ಮೂಲತತ್ತ್ವ ಸರಳವಾದುದು. ಹರಿಯುವ ದ್ರವ ಅಥವಾ ಅನಿಲವು ಇಕ್ಕಟ್ಟಾದ ಎಡೆಯಲ್ಲಿ ವೇಗವನ್ನು ಪಡೆಯುವುದೆಂದೂ, ವೇಗ ಹೆಚ್ಚಿದಲ್ಲಿ ಒತ್ತಡ ಕುಗ್ಗುವುದೆಂದೂ ಹದಿನೆಂಟನೆಯ ಶತಮಾನದಲ್ಲಿ ಬರ್ನೂಲಿ ಮತ್ತು ವೆಂಚುರಿ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. ಪಿಸ್ಟನ್ ಮೇಲೇರುವಾಗ ಒಳಸೆಳೆಯಲ್ಪಟ್ಟ ಗಾಳಿ ಕಾರ್ಬುರೇಟರಿನ ಕಿರುಗಂಟಲಲ್ಲಿ ಧಾವಿಸಿದಾಗ ಅಲ್ಲಿನ ಒತ್ತಡ ತಗ್ಗುತ್ತದೆ; ಕೆಳಗಿನ ಫ್ಲೋಟ್ ಬಟ್ಟಲಿನಲ್ಲಿ ಹೊರಗಿನ ವಾಯುಮಂಡಲದ ಒತ್ತಡಕ್ಕೆ ಒಳಪಟ್ಟಿರುವ ಪೆಟ್ರೋಲು ಹಿತ್ತಾಳೆಯ ಜೆಟ್ಟಿನ ಸೂಕ್ಷ್ಮರಂಧ್ರದ ಮೂಲಕ ಮೇಲೇರಿ, ಗಾಳಿಯಲ್ಲಿ ತುಂತುರಾಗಿ ಬೆರೆಯುತ್ತದೆ. ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಪರಮಾವಧಿ ಶಕ್ತಿಯನ್ನು ಪಡೆಯಬೇಕಾದಾಗ 13ರ ಆಸುಪಾಸಿನ ಪ್ರಮಾಣ ಹಿತ.

ಈಗ ಗಾಳಿಯ ತೂಕದ ವಿಚಾರಕ್ಕೆ ಬರೋಣ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವ ಈ ಪ್ರಸ್ಥಭೂಮಿಯ ಗಾಳಿ, ಒಂದೇ ಉಷ್ಣತೆಯಲ್ಲಿ ಕಾರವಾರದ ಕಡಲತೀರದ ಗಾಳಿಗಿಂತ ಶೇಕಡಾ 7ರಷ್ಟು ವಿರಳ. 15 ಡಿಗ್ರಿಯಿಂದ 42 ಡಿಗ್ರಿಗೆ ಕಾದಾಗ ಅದು ಇನ್ನೂ ಶೇಕಡಾ 8ರಿಂದ 9ರಷ್ಟು ಹಗುರಾಗುವುದು. ಎಂಜಿನ್ ಸೆಳೆದುಕೊಳ್ಳುವ ಗಾತ್ರ ಅಷ್ಟೇ ಇದ್ದರೂ ಆಮ್ಲಜನಕ ಆ ಮೇರೆಗೆ ಕಡಿಮೆಯಾಗುತ್ತದೆ. ಪೆಟ್ರೋಲಿನ ಹರಿವಾದರೋ ಸಾಂದ್ರತೆಯ ವರ್ಗಮೂಲಕ್ಕನುಸಾರವಾಗಿ, ಆ ಇಳಿಕೆಯ ಅರ್ಧದಷ್ಟು ಮಾತ್ರವೇ ತಗ್ಗುತ್ತದೆ. ಆದುದರಿಂದ ಜನವರಿಯಲ್ಲಿ ಹದವಾಗಿದ್ದ ಮಿಶ್ರಣ ಮೇ ತಿಂಗಳಲ್ಲಿ, ಯಾರೂ ಯಾವ ತಿರುಪನ್ನೂ ಮುಟ್ಟದಿದ್ದರೂ, ಶೇಕಡಾ ನಾಲ್ಕೈದರಷ್ಟು ರಿಚ್, ಎಂದರೆ ಇಂಧನಾಧಿಕ, ಆಗಿಬಿಡುವುದು.

ಈ ವ್ಯತ್ಯಾಸವನ್ನು ಸರಿಪಡಿಸುವ ಅಂಗಗಳು ಎಕ್ಸಿಲರೇಟರಿನ ತೆರಪಿಗನುಗುಣವಾಗಿ ತಮ್ಮ ತಮ್ಮ ಕೆಲಸವನ್ನು ಹಂಚಿಕೊಂಡಿವೆ. ಮುಚ್ಚಿದ ಸ್ಥಿತಿಯಿಂದ ಎಂಟನೆಯ ಒಂದು ಭಾಗದವರೆಗೆ ಸ್ಲೋ ಜೆಟ್ ಮತ್ತು ಏರ್ ಸ್ಕ್ರೂಗಳದು ಪ್ರಭುತ್ವ. ಅಲ್ಲಿಂದ ಕಾಲು ಭಾಗದವರೆಗೆ, ಗಂಟಲನ್ನು ತೆರೆದುಮುಚ್ಚುವ ಸ್ಲೈಡಿನ ಕತ್ತರಿಸಿದ ಅಂಚಿನದು. ಕಾಲಿನಿಂದ ಮುಕ್ಕಾಲಿನವರೆಗೆ ಸ್ಲೈಡಿಗೆ ಜೋಡಿಸಿದ ನೀಡಲಿನದು, ಎಂದರೆ ಸೂಜಿಯದು. ಅದರ ಮೇಲೆ ಮೇನ್ ಜೆಟ್ಟಿನದು. ಏರ್ ಸ್ಕ್ರೂವನ್ನು ಹೊರಕ್ಕೆ ತಿರುಗಿಸಿದರೆ ಗಾಳಿ ಹೆಚ್ಚಿ ಮಿಶ್ರಣ ಲೀನ್, ಎಂದರೆ ಇಂಧನ ಕಡಿಮೆಯಾದುದು, ಆಗುವುದು. ನೀಡಲಿನ ಕ್ಲಿಪ್ಪನ್ನು ಒಂದು ಕಚ್ಚು ಕೆಳಗಿಳಿಸಿದರೆ ನೀಡಲ್ ಮೇಲೇರಿ ರಿಚ್ ಆಗುವುದು. ಎಕ್ಸಿಲರೇಟರಿನ ಹಿಡಿಯ ಮೇಲೆ ಕಾಲು, ಅರ್ಧ, ಮುಕ್ಕಾಲುಗಳಿಗೆ ಗುರುತು ಹಾಕಿಕೊಂಡು, ದೋಷ ಯಾವ ತೆರಪಿನಲ್ಲಿ ತೋರುವುದೆಂದು ಗಮನಿಸಿದವನಿಗೆ ಯಾವ ಅಂಗವನ್ನು ಮುಟ್ಟಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ದೋಷದ ಸ್ವರೂಪವನ್ನು ಗುರುತಿಸುವ ಉಪಾಯಗಳೂ ಸುಲಭಸಾಧ್ಯವಾಗಿವೆ. ಚೋಕನ್ನು ತುಸು ಎಳೆದೊಡನೆ ಓಟ ಸುಧಾರಿಸಿದರೆ ಮಿಶ್ರಣ ಲೀನ್ ಆಗಿತ್ತೆಂದು ಅರ್ಥ. ಪೆಟ್ರೋಲ್ ಕಾಕನ್ನು ಬಂದ್ ಮಾಡಿ, ಬಟ್ಟಲು ಬರಿದಾಗುತ್ತ ಬಂದಾಗ ಎಂಜಿನ್ ಚುರುಕಾದರೆ ರಿಚ್ ಆಗಿತ್ತೆಂದು ಅರ್ಥ. ಪೂರ್ಣವೇಗದಲ್ಲಿ ಓಡಿಸಿ, ಕ್ಲಚ್ ಹಿಡಿದು, ಆ ಕ್ಷಣದಲ್ಲಿಯೇ ಎಂಜಿನ್ನನ್ನು ನಿಲ್ಲಿಸಿ ಪ್ಲಗ್ಗನ್ನು ಬಿಚ್ಚಿ ನೋಡಿದಾಗ ಕಂದುಬಣ್ಣ ಹದವನ್ನೂ, ಒದ್ದೆಯಾದ ಕರಿಮಸಿ ಇಂಧನಾಧಿಕ್ಯವನ್ನೂ, ಸುಣ್ಣದಂತಹ ಬಿಳುಪು ಇಂಧನದ ಕೊರತೆಯನ್ನೂ ಸೂಚಿಸುತ್ತವೆ.

ಈ ಬಿಳುಪನ್ನು ಉಪೇಕ್ಷಿಸಲಾಗದು. ಯೆಜ್ದಿಯಲ್ಲಿಯೂ ಮೋಟೋಕ್ರಾಸ್ ಬೈಕುಗಳಲ್ಲಿಯೂ ಪೆಟ್ರೋಲಿನಲ್ಲಿಯೇ ಬೆರೆಸಿದ ಎಣ್ಣೆಯೇ ಪಿಸ್ಟನ್ನಿಗೂ ಬೇರಿಂಗುಗಳಿಗೂ ಆಧಾರವಾದುದರಿಂದ, ಇಂಧನ ಕಡಿಮೆಯಾದೊಡನೆ ತಂಪೂ ಜಿಡ್ಡೂ ಏಕಕಾಲದಲ್ಲಿ ಕಡಿಮೆಯಾಗಿ, ಪಿಸ್ಟನ್ ಉಬ್ಬಿ ಸಿಲಿಂಡರಿಗೆ ಕಚ್ಚಿಕೊಂಡು ಎಂಜಿನ್ ಸೀಜ್ ಆಗುವುದು. ಇದಕ್ಕೆ ಹೆದರಿ ಎಣ್ಣೆಯನ್ನು ಹೆಚ್ಚಾಗಿ ಸುರಿದರೆ, ಅದೇ ಜೆಟ್ಟಿನಲ್ಲಿ ಎಣ್ಣೆ ಪೆಟ್ರೋಲಿನ ಪಾಲನ್ನು ಆಕ್ರಮಿಸಿ ದಹನದ ಮಿಶ್ರಣ ಇನ್ನಷ್ಟು ಲೀನ್ ಆಗುವುದೆಂಬುದನ್ನು ಅನೇಕರು ಮರೆಯುವರು.

ಆದರೆ ಜೆಟ್ಟಿಗೆ ಕೈಹಾಕುವ ಮುನ್ನ ಇತರ ಕಾರಣಗಳನ್ನು ನಿವಾರಿಸಿಕೊಳ್ಳತಕ್ಕದ್ದು. ಎಂಜಿನ್ನಿಗೂ ಕಾರ್ಬುರೇಟರಿಗೂ ನಡುವಿನ ರಬ್ಬರ್ ಬಿರಿದರೆ, ಅಥವಾ ಕ್ರಾಂಕಿನ ಸೀಲು ಸವೆದರೆ, ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗಿ, ಹಿಡಿಯನ್ನು ಬಿಟ್ಟ ಮೇಲೆಯೂ ವೇಗ ಇಳಿಯದೆ ನಿಲ್ಲುವುದು. ಇದನ್ನು ದೊಡ್ಡ ಜೆಟ್ಟಿನಿಂದ ಸರಿಪಡಿಸಹೊರಟವನು ರೋಗವನ್ನು ಮುಚ್ಚಿಡುತ್ತಾನೆಯೇ ಹೊರತು ವಾಸಿಮಾಡುವುದಿಲ್ಲ. ಎರೆಮಣ್ಣಿನ ಧೂಳಿನಿಂದ ಕಟ್ಟಿದ ಏರ್ ಫಿಲ್ಟರ್ ಮಿಶ್ರಣವನ್ನು ರಿಚ್ ಮಾಡುವುದು. ಬೇಸತ್ತು ಫಿಲ್ಟರನ್ನೇ ಕಿತ್ತೆಸೆದರೆ ಅದೇ ಧೂಳು ಪಿಸ್ಟನ್ ರಿಂಗುಗಳನ್ನೂ ಸಿಲಿಂಡರನ್ನೂ ಸವೆಸುವುದು. ಕಟ್ಟಿಕೊಂಡ ಜೆಟ್ಟಿಗೆ ತಂತಿಯನ್ನು ತೂರಿಸುವ ರೂಢಿಯನ್ನು ಬಿಡಬೇಕು; ಮೃದುವಾದ ಹಿತ್ತಾಳೆಯ ರಂಧ್ರ ಅದರಿಂದ ಹಿಗ್ಗಿ, ಜೆಟ್ಟಿನ ಮೇಲಿನ ಸಂಖ್ಯೆ ಅರ್ಥಹೀನವಾಗುವುದು. ಪೆಟ್ರೋಲಿನಲ್ಲಿ ನೆನೆಸಿ, ಪಂಪಿನ ಗಾಳಿಯಿಂದ ಊದುವುದೇ ಯುಕ್ತ.

ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಅಂಶ ಸೇರಿಕೊಂಡಿದೆ. ನಮ್ಮ ಬಂಕುಗಳಲ್ಲಿ ಈಗ ದೊರೆಯುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲಿನ ಅಣುವಿನಲ್ಲಿಯೇ ಆಮ್ಲಜನಕವಿರುವ ಕಾರಣ ಅದು ಒಂದು ಗ್ರಾಮಿಗೆ ಕೇವಲ 9 ಗ್ರಾಂ ಗಾಳಿಯನ್ನು ಬೇಡುವುದು. ಎಂದರೆ, ಶುದ್ಧ ಪೆಟ್ರೋಲಿಗೆಂದು ರಚಿತವಾದ ಹಳೆಯ ಕಾರ್ಬುರೇಟರ್ ಈ ಇಂಧನದಲ್ಲಿ ಸಹಜವಾಗಿಯೇ ಲೀನ್ ಆಗಿ ಓಡುವುದು. ಚಳಿಗಾಲದ ದಟ್ಟವಾದ ಗಾಳಿಯೂ ಇದರೊಡನೆ ಕೂಡಿದಾಗ ಒಂದು ಮೆಟ್ಟಿಲು ದೊಡ್ಡ ಜೆಟ್ ಅವಶ್ಯಕವಾಗಬಹುದು.

2020ರ ಬಿಎಸ್-6 ನಿಯಮಗಳೊಡನೆ ಬಂದ ಬಹುಪಾಲು ಹೊಸ ಬೈಕುಗಳಲ್ಲಿ ಸಂವೇದಕಗಳು ಗಾಳಿಯ ಉಷ್ಣತೆಯನ್ನೂ ಒತ್ತಡವನ್ನೂ ಕ್ಷಣಕ್ಷಣಕ್ಕೂ ಅಳೆದು ಇಂಧನವನ್ನು ನಿಯಮಿಸುತ್ತವೆ. ಹಳೆಯ ಬೈಕನ್ನು ಅಕ್ಕರೆಯಿಂದ ಉಳಿಸಿಕೊಂಡವನು ಆ ಕರ್ತವ್ಯವನ್ನು ತಾನೇ ವಹಿಸಿಕೊಳ್ಳಬೇಕಾಗುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಜೆಟ್ಟಿನ ಸಂಖ್ಯೆ, ಕ್ಲಿಪ್ಪಿನ ಸ್ಥಾನ, ಅಂದಿನ ಉಷ್ಣತೆ, ಪ್ಲಗ್ಗಿನ ಬಣ್ಣಗಳನ್ನು ಋತುಋತುವಿಗೆ ಬರೆದಿಟ್ಟರೆ, ತೊರವಿಯ ಗಾಳಿಗೂ ತನ್ನ ಎಂಜಿನ್ನಿಗೂ ಒಪ್ಪುವ ಒಂದು ಪಟ್ಟಿ ಸಿದ್ಧವಾಗುತ್ತದೆ. ಕಾರ್ಖಾನೆಯ ಯಾವ ಕೈಪಿಡಿಯೂ ಅದನ್ನು ಕೊಡಲಾರದು, ಮತ್ತು ಹಾಗೆ ಬರೆದಿಡುವ ತರುಣನು ತನಗರಿವಿಲ್ಲದೆಯೇ ವಿಜ್ಞಾನದ ವಿಧಾನವನ್ನು ಕೈವಶ ಮಾಡಿಕೊಂಡಿರುತ್ತಾನೆ.