ಓದಿ ಹೇಳುವ ಓರ್ಕಾ

ಅಕ್ಕಾ, ಈಗ ನೀವು ಓದ್ತೀರಿ. ಬಸ್ಸಿನ ಬೋರ್ಡು ಓದ್ತೀರಿ. ಬ್ಯಾಂಕಿನ ಚೀಟಿ ಓದ್ತೀರಿ. ಇನ್ನೊಬ್ಬರನ್ನು ಕೇಳೋದು ತಪ್ಪಿತು. ಕಣ್ಣು ಕಾಣದ ಹೆಣ್ಣುಮಗಳಿಗೂ ಇದೇ ಆಸೆ. ತನ್ನ ಕಾಗದ ತಾನೇ ಓದಬೇಕು. ಅದು ಹೇಗೆ ಆದೀತು?

ಕಂಪ್ಯೂಟರ್ ಓದಿ ಹೇಳುತ್ತದೆ. ಪರದೆಯ ಮೇಲಿನ ಅಕ್ಷರ ಅವಳ ಕಿವಿಗೆ ಬೀಳುತ್ತದೆ. ಹೀಗೆ ಓದುವ ಸಾಫ್ಟ್‌ವೇರಿಗೆ ಸ್ಕ್ರೀನ್ ರೀಡರ್ ಎನ್ನುತ್ತಾರೆ. ಕಂಪ್ಯೂಟರನ್ನು ನಡೆಸಲು ಉಬುಂಟು ಎಂಬ ವ್ಯವಸ್ಥೆ ಇದೆ. ಅದು ಲಿನಕ್ಸ್ ಜಾತಿಯದು. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಬಲ್ಲವರು ಅದನ್ನು ಬಿಚ್ಚಿ ನೋಡಬಹುದು, ತಿದ್ದಬಹುದು. ಅದರಲ್ಲಿ ಓದುವ ಸಾಫ್ಟ್‌ವೇರಿನ ಹೆಸರು ಓರ್ಕಾ. ಇ-ಸ್ಪೀಕ್ ಎಂಬ ದನಿ ಹಾಕಿದರೆ ಕನ್ನಡವನ್ನೂ ಓದುತ್ತೆ. ದನಿ ಒರಟು. ಕೇಳ್ತಾ ಕೇಳ್ತಾ ರೂಢಿ ಆಗುತ್ತೆ.

ಒಂದು ದಿನ ಓರ್ಕಾ ತಡವರಿಸುತ್ತೆ. ನಿನ್ನೆ ಓದಿದ ಪುಟದಲ್ಲಿ ಇವತ್ತು ಮಾತೇ ಇಲ್ಲ. ಓರ್ಕಾ ಕೆಟ್ಟಿತೇ? ಕೆಟ್ಟಿಲ್ಲ, ಹಳೆಯದಾಯಿತು. ಇಂಟರ್‌ನೆಟ್ಟಿನ ಪುಟಗಳು ಬದಲಾಗ್ತಾ ಇರುತ್ತವೆ. ಪುಟ ತೋರಿಸುವ ಫೈರ್‌ಫಾಕ್ಸ್ ಉಬುಂಟುವಿನಲ್ಲಿ ತಾನಾಗೇ ಹೊಸದಾಗುತ್ತೆ. ಓರ್ಕಾ ಹಾಗೆ ಆಗೋದಿಲ್ಲ. ಊರಿಗೆ ಹೊಸ ರಸ್ತೆ ಬಂತು, ಗಾಡಿಯವನಿಗೆ ಹಳೇ ದಾರಿಯೇ ಗೊತ್ತು. ಕಣ್ಣು ಕಾಣೋರು ಗುಂಡಿ ನೋಡಿ ಒತ್ತುತ್ತಾರೆ. ಅವಳಿಗೆ ಅಲ್ಲಿ ಗುಂಡಿ ಇದೆ ಅಂತಲೇ ತಿಳಿಯೋದಿಲ್ಲ. ಪಿಂಚಣಿ ಅರ್ಜಿ ಅರ್ಧಕ್ಕೆ ನಿಲ್ಲುತ್ತೆ.

ಆಗ ಟರ್ಮಿನಲ್ ಎಂಬ ಕಿಟಕಿ ತೆರೆಯಬೇಕು. ಇಂಗ್ಲಿಷಿನಲ್ಲಿ ಎರಡು ಸಾಲು ಒತ್ತಬೇಕು. ಮೊದಲು ‘ಸುಡೊ ಆಪ್ಟ್ ಅಪ್‌ಡೇಟ್’. ಇದು ಅಂಗಡಿಯಿಂದ ಹೊಸ ಸಾಮಾನಿನ ಪಟ್ಟಿ ತರೋದು. ಆಮೇಲೆ ‘ಸುಡೊ ಆಪ್ಟ್ ಅಪ್‌ಗ್ರೇಡ್’. ಇದು ಸಾಮಾನು ತರೋದು. ಕೆಲವರು ಪಟ್ಟಿ ತಂದು ಸುಮ್ಮನೆ ಕೂತುಬಿಡ್ತಾರೆ! ಸಾಮಾನು ಬಂದ ಮೇಲೆ ಕಂಪ್ಯೂಟರ್ ಆರಿಸಿ ಮತ್ತೆ ಹಾಕಬೇಕು. ಅಲ್ಲಿಯತನಕ ಹಳೇ ಓರ್ಕಾನೇ ಮಾತಾಡ್ತಿರುತ್ತೆ.

ಇದರಿಂದ ಸಣ್ಣಪುಟ್ಟ ತಪ್ಪು ಸರಿಹೋಗುತ್ತೆ. ಪೂರ್ತಿ ಹೊಸ ಓರ್ಕಾ ಬೇಕಾದರೆ ಉಬುಂಟುವನ್ನೇ ಹೊಸದು ಮಾಡಬೇಕು. ಬಹುಕಾಲ ಬಾಳುವ ಉಬುಂಟು ಎರಡು ವರ್ಷಕ್ಕೊಮ್ಮೆ ಬರುತ್ತೆ. 2022ರಲ್ಲಿ ಬಂತು, 2024ರಲ್ಲಿ ಬಂತು.

ಇದು ದೊಡ್ಡ ಕೆಲಸ. ನಡುವೆ ದನಿ ನಿಂತರೆ ಅವಳಿಗೆ ಏನೂ ತಿಳಿಯದು. ಕರೆಂಟು ಹೋದರೆ ಇನ್ನೂ ಕಷ್ಟ. ಅದಕ್ಕೇ ಮೊದಲು ಬ್ಯಾಟರಿ ತುಂಬಿಸಬೇಕು. ಮುಖ್ಯ ಕಾಗದಗಳ ನಕಲು ಬೇರೆ ಕಡೆ ಇಡಬೇಕು. ಇಂಗ್ಲಿಷ್ ಓದೋ ಮಗಳೋ ತಂಗಿಯೋ ಪಕ್ಕದಲ್ಲಿ ಕೂರಲಿ. ಪರದೆ ಕೇಳಿದ್ದನ್ನು ಓದಿ ಹೇಳಲಿ. ಉತ್ತರ ಅವಳೇ ಒತ್ತಲಿ. ಕೆಲಸ ಮುಗಿದ ಮೇಲೂ ಓರ್ಕಾ ಸುಮ್ಮನಿದ್ದರೆ ವಿಂಡೋಸ್ ಗುರುತಿನ ಕೀಲಿ, ಆಲ್ಟ್, ಎಸ್, ಈ ಮೂರನ್ನೂ ಒಟ್ಟಿಗೆ ಒತ್ತಿ. ಓರ್ಕಾ ಎದ್ದು ಮಾತಾಡುತ್ತೆ.