ಮಾತು ಸೋತಲ್ಲಿ ಹೆಜ್ಜೆ ನುಡಿಯಿತು

ದುಃಖದಲ್ಲಿ ಹೆಗಲು ಕುಗ್ಗುವುದು, ಭಯದಲ್ಲಿ ಉಸಿರು ಬಿಗಿಯುವುದು, ಹರ್ಷದಲ್ಲಿ ಕಾಲು ತಾನಾಗಿ ಕುಣಿಯುವುದು ಎಲ್ಲರ ಅನುಭವಕ್ಕೂ ಬಂದ ಸಂಗತಿ. ಮನಸ್ಸು ಹೀಗೆ ದೇಹದ ಮೇಲೆ ತನ್ನ ಮುದ್ರೆಯನ್ನು ಒತ್ತುವುದಾದರೆ, ದೇಹದ ಮೂಲಕವೇ ಮನಸ್ಸನ್ನು ಮುಟ್ಟಲು ಸಾಧ್ಯವಿಲ್ಲವೆ? ಸಾಧ್ಯವೆಂದು ತೋರಿಸಿದವರಲ್ಲಿ ಅಮೆರಿಕದ ನರ್ತಕಿ ಮರಿಯನ್ ಚೇಸ್ ಪ್ರಮುಖಳು.

1896ರಲ್ಲಿ ಜನಿಸಿದ ಚೇಸ್, ನ್ಯೂಯಾರ್ಕಿನ ಡೆನಿಷಾನ್ ಶಾಲೆಯಲ್ಲಿ ನೃತ್ಯಾಭ್ಯಾಸ ಮಾಡಿ, ವಾಷಿಂಗ್ಟನ್ ನಗರದಲ್ಲಿ ನೃತ್ಯಶಾಲೆಯೊಂದನ್ನು ನಡೆಸುತ್ತಿದ್ದಳು. ಅಲ್ಲಿಗೆ ಬರುತ್ತಿದ್ದವರೆಲ್ಲರೂ ರಂಗವೇರುವ ಆಸೆಯುಳ್ಳವರಲ್ಲವೆಂಬುದು ಆಕೆಗೆ ಕ್ರಮೇಣ ಮನವರಿಕೆಯಾಯಿತು. ಕುಣಿದರೆ ಮನಸ್ಸು ಹಗುರವಾಗುವುದೆಂದೇ ಕೆಲವರು ಬರುತ್ತಿದ್ದರು. ಇದನ್ನರಿತ ವೈದ್ಯರು ತಮ್ಮ ರೋಗಿಗಳನ್ನೂ ಆಕೆಯ ಬಳಿಗೆ ಕಳುಹಿಸತೊಡಗಿದರು.

1942ರಲ್ಲಿ ಅದೇ ನಗರದ ಸೇಂಟ್ ಎಲಿಜಬೆತ್ಸ್ ಮಾನಸಿಕ ಆಸ್ಪತ್ರೆಯಲ್ಲಿ ಆಕೆಯ ಸೇವೆ ಆರಂಭವಾಯಿತು. ಅದು ಎರಡನೆಯ ಮಹಾಯುದ್ಧದ ಕಾಲ. ರಣರಂಗದಲ್ಲಿ ಮನಸ್ಸು ಮುರಿದ ಸೈನಿಕರೂ ಅಲ್ಲಿದ್ದರು. ಉನ್ಮಾದವನ್ನು ಶಮನಗೊಳಿಸುವ ಔಷಧಿಗಳು ಬಳಕೆಗೆ ಬಂದದ್ದು 1950ರ ದಶಕದಲ್ಲಿ. ಅಂದು ಅವು ಇರಲಿಲ್ಲ. ಮಾತಿನ ಮೂಲಕ ಮನಸ್ಸನ್ನು ಬಿಡಿಸುವ ಚಿಕಿತ್ಸೆಯೇನೋ ಇದ್ದಿತು. ಆದರೆ ಮಾತನ್ನೇ ತೊರೆದು ಮೂಲೆ ಸೇರಿದವರಿಗೆ ಅದರಿಂದೇನು ಪ್ರಯೋಜನ?

ಚೇಸ್ ಅವರನ್ನು ಮಾತನಾಡಿಸಲು ಹೊರಡಲಿಲ್ಲ. ಒಬ್ಬನು ಕುಳಿತಲ್ಲೇ ತೂಗುತ್ತಿದ್ದರೆ ತಾನೂ ಹಾಗೆಯೇ ತೂಗುವಳು. ಮತ್ತೊಬ್ಬನು ಮುಷ್ಟಿ ಬಿಗಿದರೆ ಆ ಬಿಗಿತವನ್ನು ತನ್ನ ಮೈಯಲ್ಲಿಯೂ ತರುವಳು. ಇದು ಅಣಕವಲ್ಲ, "ನಿನ್ನ ಭಾವ ನನಗೆ ತಿಳಿಯಿತು" ಎಂಬುದನ್ನು ದೇಹದಿಂದಲೇ ತಿಳಿಸುವ ಬಗೆ. ಬಳಿಕ ಸಂಗೀತದ ಲಯಕ್ಕೆ ಎಲ್ಲರನ್ನೂ ವೃತ್ತಾಕಾರವಾಗಿ ಕೂಡಿಸುವಳು. ಒಬ್ಬನ ಹೆಜ್ಜೆಯನ್ನು ಹತ್ತು ಮಂದಿ ಅನುಸರಿಸಿದಾಗ, ಒಂಟಿತನದ ಕೋಟೆಯಲ್ಲಿ ಸಣ್ಣದೊಂದು ಬಾಗಿಲು ತೆರೆಯುತ್ತಿತ್ತು.

1966ರಲ್ಲಿ ಅಮೆರಿಕದ ನೃತ್ಯಚಿಕಿತ್ಸಾ ಸಂಘ ಸ್ಥಾಪನೆಯಾದಾಗ ಆಕೆಯೇ ಅದರ ಪ್ರಥಮ ಅಧ್ಯಕ್ಷೆಯಾದಳು. 1970ರಲ್ಲಿ ಆಕೆ ತೀರಿಕೊಂಡಳು. ಆದರೆ ಆ ವಿದ್ಯೆ ಇಂದು ಹಲವು ದೇಶಗಳಲ್ಲಿ ಬೋಧನೆಯಲ್ಲಿದೆ.

ನೃತ್ಯವೊಂದರಿಂದಲೇ ಮನೋರೋಗಗಳೆಲ್ಲ ಗುಣವಾಗುವುವೆಂದು ಭಾವಿಸಬಾರದು. ವೈದ್ಯರಿಗೂ ಔಷಧಿಗೂ ಅದು ಬದಲಿಯಲ್ಲ, ಜೊತೆಗಾರ. ಹಾಗೆಂದು ಇದು ತೀರ ಹೊಸ ಸಂಗತಿಯೂ ಅಲ್ಲ. ಮಾತು ಬಾರದ ಹಸುಗೂಸು ಅತ್ತಾಗ ಯಾವ ತಾಯಿಯೂ ಅದಕ್ಕೆ ಬುದ್ಧಿ ಹೇಳುವುದಿಲ್ಲ. ಎದೆಗೊತ್ತಿಕೊಂಡು ಮೆಲ್ಲನೆ ತೂಗುತ್ತಾಳೆ. ಮಗುವಿಗೆ ಅಷ್ಟರಲ್ಲೇ ಎಲ್ಲವೂ ಅರ್ಥವಾಗುತ್ತದೆ.