ಕಚೇರಿ ದೂರವಾಣಿ ವ್ಯವಸ್ಥೆಯಲ್ಲಿ ಕರೆ ವಿವರಗಳ ದಾಖಲೆ

ಕಚೇರಿಗಳಲ್ಲಿ ಅಳವಡಿಸುವ ಇಪಿಎಬಿಎಕ್ಸ್ ವ್ಯವಸ್ಥೆಯು ಪ್ರತಿ ಹೊರಕರೆ ಮುಗಿದೊಡನೆ ದಿನಾಂಕ, ಸಮಯ, ಅವಧಿ, ಕರೆ ಮಾಡಿದ ಎಕ್ಸ್‌ಟೆನ್ಷನ್, ಬಳಸಿದ ಲೈನ್ ಹಾಗೂ ಡಯಲ್ ಮಾಡಿದ ಸಂಖ್ಯೆಯನ್ನು ದಾಖಲಿಸುತ್ತದೆ. ಸಂಭಾಷಣೆಯು ಈ ದಾಖಲೆಯಲ್ಲಿ ಸೇರುವುದಿಲ್ಲ. ಬಿಲ್ಲಿಂಗ್ ತಂತ್ರಾಂಶವು ಇದಕ್ಕೆ ದರಪಟ್ಟಿಯನ್ನು ಅನ್ವಯಿಸಿ ವಿಭಾಗವಾರು ವರದಿ ಸಿದ್ಧಪಡಿಸುತ್ತದೆ.

ಸೇವಾದಾರ ಸಂಸ್ಥೆಯ ಬಿಲ್ಲಿನಲ್ಲಿ ಸಾಮಾನ್ಯವಾಗಿ ಸಂಪರ್ಕದ ಸಂಖ್ಯೆ ಮಾತ್ರ ಇರುವುದರಿಂದ, ಕರೆಯು ಯಾವ ಎಕ್ಸ್‌ಟೆನ್ಷನ್‌ನಿಂದ ಹೋಯಿತೆಂಬುದಕ್ಕೆ ಕಚೇರಿಯ ದಾಖಲೆಯೇ ಆಧಾರ. ಆದರೆ ಕರೆ ಸ್ವೀಕೃತವಾದ ಸಂಕೇತ ದೊರೆಯದ ಅನಲಾಗ್ ಲೈನ್‌ಗಳಲ್ಲಿ, ಡಯಲ್ ಮಾಡಿದ ಕೆಲವು ಸೆಕೆಂಡುಗಳ ನಂತರ ಅವಧಿಯ ಎಣಿಕೆ ತಾನಾಗಿ ಆರಂಭವಾಗುವುದುಂಟು; ಯಾರೂ ಸ್ವೀಕರಿಸದ ಕರೆಗೂ ಶುಲ್ಕ ನಮೂದಾಗಬಹುದು. ಪಿಆರ್‌ಐ ಡಿಜಿಟಲ್ ಸಂಪರ್ಕದಲ್ಲಿ ಈ ಸಂಕೇತ ಲಭ್ಯವಿರುತ್ತದೆ. ಹೊಸ ಸಂಪರ್ಕಕ್ಕೆ ಅರ್ಜಿ ಸಲ್ಲಿಸುವವರು ಇದನ್ನು ಗಮನಿಸುವುದು. ಸಿಬ್ಬಂದಿಯಿಂದ ಕರೆ ಶುಲ್ಕ ವಸೂಲು ಮಾಡುವ ಮುನ್ನ ಕಚೇರಿಯ ದಾಖಲೆಯನ್ನು ಸೇವಾದಾರರ ಬಿಲ್ಲಿನೊಂದಿಗೆ ತಾಳೆ ನೋಡತಕ್ಕದ್ದು.